ಬರೀ ಫ್ರೇಮು ಮಾಡುವವನ ಪಾಡು

ಅರಸೀಕೆರೆಯಲ್ಲಿ ಕೂತು ಕೈಯಲ್ಲೇ ಸೈಕಲ್ ಫ್ರೇಮು ಮಾಡುವ ನನಗೆ ವಾರಕ್ಕೊಂದಾದರೂ ಈಗ ಹೇಳಹೊರಟಂಥ ಫಜೀತಿ ಆಗದಿದ್ದರೆ, ಬೀದಿಯವರೆಲ್ಲ ಎಲ್ಲೋ ಮದುವೆಗೆ ಹೋಗಿದ್ದಾರೆ ಅಂತಲೇ ಅರ್ಥ.

ಮೊದಲು ನಾನು ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಗ್ಯಾಸ್ ವೆಲ್ಡಿಂಗ್ ಮಾಡುತ್ತಿದ್ದೆ. ಒಂದು ದಿನ ದೂರದ ಊರಿನ ಸವಾರರೊಬ್ಬರು ಮುರಿದ ಉಕ್ಕಿನ ರೇಸಿಂಗ್ ಸೈಕಲ್ ತಂದರು. ಹಿತ್ತಾಳೆ ಕರಗಿಸಿ ಬೆಸೆದೆ. ಬೆಸುಗೆ ನಿಲ್ಲುತ್ತದೋ ಇಲ್ಲವೋ ನೋಡೋಣ ಅಂತ ಸ್ಟೇಷನ್ ರಸ್ತೆಯಲ್ಲಿ ಒಂದು ಸುತ್ತು ಹೋದೆ. ಕಿತ್ತುಹೋದ ರಸ್ತೆಯ ಕುಲುಕು ಹ್ಯಾಂಡಲ್ ಹಾದು ನನ್ನ ಅಂಗೈಗೆ ಬರುವಷ್ಟರಲ್ಲಿ ಮೆತ್ತಗಾಗಿತ್ತು. ಪೆಡಲ್ ಒತ್ತಿದರೆ ಸೈಕಲ್ಲೇ ಸ್ವಲ್ಪ ಮುಂದೆ ಎಳೆದುಕೊಂಡು ಹೋಗುತ್ತಿತ್ತು. ಟ್ರೇಲರ್ ಕೆಲಸ ಅಲ್ಲಿಗೆ ಮುಗಿಯಿತು. ಈಗ ಒಂದು ಫ್ರೇಮಿಗೆ ಒಂದು ತಿಂಗಳು. ಮಾಡಿದ್ದೆಲ್ಲ ರೈಲು ಹತ್ತಿ ಹೋಗಿಬಿಡುತ್ತದೆ. ಶೆಡ್ಡಿನಲ್ಲಿ ಉಳಿಯುವವನು ನಾನೊಬ್ಬನೇ.

೧. ಅಳತೆ

ಈ ಫ್ರೇಮಿನ ಸೊಗಸೆಲ್ಲ ಅಳತೆಯಲ್ಲಿದೆ. ಅಂಗಡಿ ಸೈಕಲ್ಲಿಗೆ ನಾವು ಹೊಂದಿಕೊಳ್ಳಬೇಕು, ಇದು ನಮಗೆ ಹೊಂದಿಕೊಂಡು ಹುಟ್ಟುತ್ತದೆ. ಹಾಸನದಿಂದ ಬಂದ ಡಾಕ್ಟರೊಬ್ಬರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕಾಲು, ತೋಳು, ಭುಜ ಎಲ್ಲವನ್ನೂ ಟೇಪು ಹಿಡಿದು ಬರೆದುಕೊಂಡೆ.

ಮಾರನೇ ದಿನ ಎದುರಿನ ತೆಂಗಿನಕಾಯಿ ಮಂಡಿಯ ಯಜಮಾನರು ಪ್ಯಾಂಟ್ ಪೀಸು ಹಿಡಿದು ಬಂದರು.

"ನಾನು ಟೈಲರ್ ಅಲ್ಲ ಯಜಮಾನ್ರೇ."

"ನಿನ್ನೆ ಡಾಕ್ಟ್ರಿಗೆ ಅಳತೆ ತಗೊಂಡಿದ್ದು ನಾನೇ ನೋಡಿದೀನಲ್ಲ."

"ಅದು ಸೈಕಲ್‌ಗೆ."

"ಸೈಕಲ್‌ಗಾದ್ರೆ ಸೈಕಲ್ ಅಳತೆ ತಗೋಬೇಕಪ್ಪ. ಡಾಕ್ಟ್ರುದು ಯಾಕೆ?"

ಕೂರಿಸಿ ವಿವರಿಸಿದೆ. ಕೊಳವೆಯ ತುದಿಯನ್ನು ಬೆಳಕು ತೂರದ ಹಾಗೆ ಉಜ್ಜಿ ಕೂಡಿಸುವುದು, ಬಿಸಿ ಹದಕ್ಕೆ ಬಂದಾಗ ಹಿತ್ತಾಳೆ ತಾನಾಗಿ ಸಂದಿಗೆ ಇಳಿಯುವುದು, ಒಂದು ಕೂದಲೆಳೆ ವಾಲಿದರೂ ಸವಾರನ ಸೊಂಟ ಹಿಡಿಯುವುದು. ಅರ್ಧ ಗಂಟೆ ಅವರು ಕಣ್ಣು ಮಿಟುಕಿಸದೆ ಕೇಳಿದರು. ನನ್ನ ಕೆಲಸದ ಬಗ್ಗೆ ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ಸ್ಟವ್ ಹಚ್ಚಿ ಟೀ ಮಾಡಿಕೊಟ್ಟೆ. ಕುಡಿದು ಎದ್ದರು.

"ಎಲ್ಲಾ ಅರ್ಥ ಆಯ್ತು. ನಂದು ಸೊಂಟದ ಹತ್ರ ಮಾತ್ರ ಸ್ವಲ್ಪ ಲೂಸಾಗಿ ಇಡಿ," ಅಂದು ಬಟ್ಟೆ ಬಿಟ್ಟು ಹೋದರು.

೨. ಬೇಲೂರಿನ ಸಂಬಂಧ

ನನಗೆ ನಲವತ್ತು ದಾಟಿದ ಮೇಲೆ ಅಕ್ಕ ಬೇಲೂರಲ್ಲಿ ಒಂದು ಸಂಬಂಧ ಹುಡುಕಿದಳು. ಒಳ್ಳೆಯ ವ್ಯಾಪಾರಸ್ಥರ ಮನೆ. ಕಾಫಿ ತಂದುಕೊಟ್ಟವರಿಗೂ ಮೂವತ್ತೈದರ ಮೇಲಾಗಿತ್ತು. ಅವರು ಹಿಂಜರಿಯದೆ ಎದುರಿಗೇ ಕೂತು ಕೇಳಿದರು.

"ಉಕ್ಕು ಅಂದ್ರೆ ತುಂಬಾ ಭಾರ ಇರಲ್ವಾ?"

ಎಂಥ ಒಳ್ಳೆಯ ಪ್ರಶ್ನೆ. ಕೊಳವೆಯ ಎರಡು ತುದಿ ದಪ್ಪ, ನಡುವೆ ಮೊಟ್ಟೆಯ ಸಿಪ್ಪೆಯಷ್ಟೇ ತೆಳು, ಬೆರಳಲ್ಲಿ ತಟ್ಟಿದರೆ ಗಂಟೆ ಥರ ನಾದ ಬರುತ್ತೆ ಅಂದೆ. ಅವರು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಅಷ್ಟರಲ್ಲಿ ಅವರ ತಂದೆ ಕೆಮ್ಮಿದರು.

"ಚಕ್ರ ಯಾರು ಮಾಡ್ತಾರೆ?"

"ಅದು ಗಿರಾಕಿಗಳೇ ಹಾಕಿಸ್ಕೊಳ್ತಾರೆ."

"ಪೆಡ್ಲು, ಚೈನು, ಬ್ರೇಕು?"

"ಅವೂ ಅವರದ್ದೇ. ನಂದು ಬರೀ ಫ್ರೇಮು."

ತಂದೆ ಕಾಫಿ ಲೋಟ ಕೆಳಗಿಟ್ಟರು. "ತಪ್ಪು ತಿಳ್ಕೋಬೇಡಿ. ಅರ್ಧ ಸೈಕಲ್ ಮಾಡೋರಿಗೆ ಪೂರ್ತಿ ಹುಡುಗಿ ಹೆಂಗೆ ಕೊಡೋದು?"

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿ ಕಡೆ ಮುಖ ಮಾಡಿ ಕೂತೆ. ಜಾವಗಲ್ ಹತ್ತಿರ ಅಕ್ಕ ನನ್ನ ಕಡೆ ತಿರುಗಿದಳು. ಮೆಲ್ಲಗೆ ಅಂದಳು: "ಒಂದು ಜೊತೆ ಚಕ್ರನಾದ್ರೂ ಜೊತೇಲಿ ತಗೊಂಡು ಹೋಗಬೇಕಿತ್ತು ಕಣೋ."

೩. ಮಾಲೇಕಲ್ಲಿನ ಬುಡದಲ್ಲಿ

ಹೊಸ ಫ್ರೇಮಿಗೆ ಶೆಡ್ಡಿನಲ್ಲಿರುವ ಹಳೇ ಚಕ್ರ, ಪೆಡಲ್ಲು ಆ ಹೊತ್ತಿಗೆ ಹಾಕಿ ಒಂದು ಸಲ ಓಡಿಸಿ ನೋಡದೆ ಯಾರಿಗೂ ಕಳಿಸುವುದಿಲ್ಲ. ಹಾಗೊಮ್ಮೆ ಬೆಳಗ್ಗೆ ಮಾಲೇಕಲ್ಲು ತಿರುಪತಿ ಬೆಟ್ಟದ ಬುಡದವರೆಗೆ ಹೋಗಿ, ಹಣ್ಣುಕಾಯಿ ಮಾರುವ ಅಜ್ಜಿಯ ಅಂಗಡಿಗೆ ಸೈಕಲ್ ಒರಗಿಸಿದೆ. ನಸುನೀಲಿ ಬಣ್ಣ, ಕೂದಲಿನಷ್ಟೂ ಉಬ್ಬಿಲ್ಲದ ಬೆಸುಗೆ. ಯಾರಾದರೂ ಒಬ್ಬರು ಚೆನ್ನಾಗಿದೆ ಅನ್ನಲಿ ಅಂತ ಆಸೆಯಾಗಿ ಪಕ್ಕದಲ್ಲೇ ನಿಂತುಕೊಂಡೆ.

ಅಜ್ಜಿ ಎದ್ದು ಬಂದು ಸೈಕಲ್ಲಿನ ಸುತ್ತ ಒಂದು ಸುತ್ತು ಬಂತು.

"ಮಡ್‌ಗಾರ್ಡ್ ಇಲ್ಲ," ಅಂತು.

"ಇದಕ್ಕೆ ಇರಲ್ಲ ಅಜ್ಜಿ."

"ಕ್ಯಾರಿಯರ್ ಇಲ್ಲ. ಸ್ಟ್ಯಾಂಡ್ ಇಲ್ಲ. ಬೆಲ್ಲೂ ಇಲ್ಲ." ನನ್ನ ಭುಜ ಮುಟ್ಟಿತು. ಯಾರಾದರೂ ಭುಜ ಮುಟ್ಟಿ ಎಷ್ಟೋ ದಿನವಾಗಿತ್ತು. "ಅಳಬ್ಯಾಡ ಕಣಪ್ಪ. ಕಳ್ಳರು ಇಷ್ಟಾದ್ರೂ ಬುಟ್ಟು ಹೋಗವ್ರಲ್ಲ, ಸ್ವಾಮಿ ದೊಡ್ಡೋನು. ಮ್ಯಾಲೆ ಹೋಗಿ ಒಂದು ಕಾಯಿ ಒಡ್ಸು. ಸೈಕಲ್ ನಾನು ನೋಡ್ಕೊಂಡಿರ್ತೀನಿ, ಉಳಿದಿದ್ದೂ ಹೋದಾತು."

೪. ಹಿಂದಿನ ಸೀಟು

ಮದುವೆ ಗೊತ್ತಾಗಿದ್ದ ಒಂದು ಜೋಡಿ ಇಬ್ಬರು ಕೂತು ತುಳಿಯುವ ಉದ್ದದ ಸೈಕಲ್ ಬೇಕು ಅಂತ ಹೇಳಿ ಹೋಗಿದ್ದರು. ಎರಡು ತಿಂಗಳು ಕೂತು ಮಾಡಿದೆ. ಮುಗಿಯುವ ಹೊತ್ತಿಗೆ ಫೋನ್ ಬಂತು. ಮದುವೆ ಮುರಿದಿದೆ, ಸೈಕಲ್ ಇಬ್ಬರಿಗೂ ಬೇಡವಂತೆ.

ಮಾಡಿದ್ದನ್ನು ಓಡಿಸದೆ ಇಡಲು ಮನಸ್ಸು ಬರಲಿಲ್ಲ. ಒಂದು ಭಾನುವಾರ ಚಕ್ರ, ಚೈನು ಹಾಕಿ ಒಬ್ಬನೇ ಹತ್ತಿ ಹಳೇಬೀಡಿನ ಕಡೆ ಹೊರಟೆ. ಮುಂದಿನ, ಹಿಂದಿನ ಪೆಡಲ್ಲುಗಳನ್ನು ಚೈನು ಒಟ್ಟಿಗೇ ತಿರುಗಿಸುತ್ತದೆ, ಹಾಗಾಗಿ ಹಿಂದಿನ ಪೆಡಲ್ಲುಗಳು ಕಾಲಿಲ್ಲದೆ ತಮ್ಮಷ್ಟಕ್ಕೆ ತಿರುಗುತ್ತಿದ್ದವು. ಅದನ್ನು ನೋಡಬಾರದು ಅಂತ ಮುಂದೆಯೇ ನೋಡುತ್ತ ತುಳಿದೆ.

ಜಾವಗಲ್ ದಾಟಿದ ಮೇಲೆ ಹುಲಿಕೆರೆ ಕಡೆಯವರೊಬ್ಬರು ಮೊಪೆಡ್‌ನಲ್ಲಿ ಪಕ್ಕಕ್ಕೆ ಬಂದರು.

"ಸಾರ್, ಹಿಂದ್ಲೋರು ಎಲ್ಲಿ?"

ವಿವರಿಸುವ ಮನಸ್ಸಿರಲಿಲ್ಲ. "ಅವರು ಬರ್ಲಿಲ್ಲ," ಅಂದೆ.

ಅವರು ಹಿಂದಿನ ಖಾಲಿ ಸೀಟನ್ನು ಕಣ್ಣರಳಿಸಿ ನೋಡಿದರು, ಮೊಪೆಡ್ ಒಂದೇ ಸಮನೆ ಮುಂದಕ್ಕೆ ಓಡಿತು. ಸ್ವಲ್ಪ ಹೊತ್ತಿಗೆ ಹಳೇಬೀಡಿನ ಕಡೆಯಿಂದ ಮೂರು ಬೈಕು, ಒಂದು ಆಟೋ ರಭಸದಿಂದ ಎದುರಿಗೆ ಬಂದವು. ಎಲ್ಲರೂ ನನ್ನ ಕಡೆ ಕೈ ಬೀಸಿದರು. ಇಷ್ಟು ಜನ ಒಟ್ಟಿಗೆ ಮಾತಾಡಿಸಿದರಲ್ಲ ಅಂತ ಖುಷಿಯಾಗಿ ನಾನೂ ಬೀಸಿದೆ.

ಹಳೇಬೀಡಿನಲ್ಲಿ ಹೋಟೆಲ್ ಮುಂದೆ ಇಳಿದೆ. ದಪ್ಪ ಮೀಸೆಯ ಮಾಲೀಕರು ನೀರಿನ ಲೋಟ ಹಿಡಿದು ಓಡಿಬಂದರು. "ಧೈರ್ಯವಾಗಿರಿ. ನಿಮ್ಮ ಮನೆಯೋರು ದಾರೀಲಿ ಬಿದ್ದೋದ್ರಂತಲ್ಲ, ಮೊಪೆಡ್‌ನೋರು ಹೇಳಿದ್ರು. ನಮ್ಮೋರು ಹುಡುಕೋಕೆ ಹೋಗವ್ರೆ."

"ನನಗೆ ಮನೆಯೋರು ಇಲ್ಲ ಕಣ್ರೀ. ನಾನೊಬ್ಬನೇ."

ಅವರು ಸೈಕಲ್ ನೋಡಿದರು, ನನ್ನನ್ನು ನೋಡಿದರು. "ಒಬ್ರೇ ಅಂದ್ಮೇಲೆ ಇಬ್ರುದು ಯಾಕೆ ತಗೊಂಡು ಬಂದ್ರಿ?"

ನಾನು ಲೋಟದ ನೀರು ಕುಡಿದೆ. ಅವರು ಫೋನ್ ತೆಗೆದು ಒಬ್ಬೊಬ್ಬರಿಗೇ ಮಾಡಿದರು. ಹುಡುಕಲು ಹೋದವರು ಯಾರೂ ಫೋನ್ ಎತ್ತುತ್ತಿರಲಿಲ್ಲ. "ನಡೀರಿ, ಹೇಳಿ ಬರೋಣ," ಅಂತ ಪಂಚೆ ಎತ್ತಿ ಕಟ್ಟಿ ಹಿಂದಿನ ಸೀಟು ಹತ್ತಿಯೇಬಿಟ್ಟರು.

ಒಬ್ಬನಿದ್ದಾಗ ಬಿಗಿದುಕೊಂಡಿದ್ದ ಫ್ರೇಮು ಎರಡು ಜನದ ಭಾರಕ್ಕೆ ಮೈ ಸಡಿಲಿಸಿತು. ಉಬ್ಬು ತಗ್ಗುಗಳ ಮೇಲೆ ನೀರಿನ ಹಾಗೆ ಹರಿಯಿತು. ನಾನು ಅಂದುಕೊಂಡು ಮಾಡಿದ್ದು ಇದನ್ನೇ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ದನಿ ಬಂತು: "ಚೆನ್ನಾಗೈತೆ ಕಣ್ರೀ. ತುಳೀತಾ ಇರೋದೇ ಗೊತ್ತಾಗಲ್ಲ." ಹಿಂದೆ ಕೂತವರಿಗೆ ಮುಂದಿನವನ ಮುಖ ಕಾಣದಿರುವುದು ಈ ಸೈಕಲ್ಲಿನ ಒಂದು ಅನುಕೂಲ.

ಜಾವಗಲ್ ಕಡೆಯ ತಿರುವಿನಲ್ಲಿ ಬೈಕು, ಆಟೋ ಎಲ್ಲ ನಿಂತಿದ್ದವು. ಅಕ್ಕಪಕ್ಕದ ಹೊಲದವರೂ ಸೇರಿ ಪೊದೆ ಪೊದೆ ಬಗ್ಗಿ ನೋಡುತ್ತಿದ್ದರು. ಕೋಲಿನಲ್ಲಿ ಮೋರಿ ಕೆದಕುತ್ತಿದ್ದ ಮುದುಕರೊಬ್ಬರು ನಮ್ಮನ್ನು ಕಂಡು ಸೊಂಟ ಹಿಡಿದುಕೊಂಡು ಮೇಲೆ ಹತ್ತಿ ಬಂದರು. ಹಿಂದಿನ ಸೀಟಿನಲ್ಲಿ ಬೆವರು ಸುರಿಸುತ್ತ ಕೂತಿದ್ದ ಮಾಲೀಕರನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನ ಕಡೆ ತಿರುಗಿದರು.

"ಸಿಕ್ಕಿದ್ರಲ್ಲ, ಬುಡಿ, ಒಳ್ಳೇದಾಯ್ತು. ಆದ್ರೆ ಆಗ್ಲಿಂದ ಹುಡುಕ್ತಾ ಇವ್ನಿ, ನಿಮ್ಮ ಮನೆಯೋರಿಗೆ ಮೀಸೆ ಐತೆ ಅಂತ ಒಬ್ಬರಾದ್ರೂ ಹೇಳಬ್ಯಾಡ್ವಾ?"