ಸಾಹೇಬರ ನೀಲಿ ಹೈಡ್ರೇಂಜಿಯ

ಕೆಲವರ ಮನೆಗೆ ಕಷ್ಟ ಮುಂಬಾಗಿಲಿನಿಂದ ಬರುತ್ತೆ, ನಮ್ಮ ಮನೆಗೆ ಯಾವಾಗಲೂ ಹಿತ್ತಲಿನಿಂದ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾವು ಕೃಷ್ಣಮೂರ್ತಿಪುರಂನಲ್ಲಿ ಬಾಡಿಗೆಗೆ ಇದ್ದಾಗ ಒಂದು ಹೂವಿನ ಗಿಡ ನಮ್ಮನ್ನು ಆಡಿಸಿದ ಹಾಗೆ ಯಾವ ನೆಂಟರೂ ಆಡಿಸಿಲ್ಲ.

ನೆರಳಿನ ಗಿಡ

ಪಕ್ಕದ ಮನೆಯ ಮಾವಿನ ಮರ ನಮ್ಮ ಹಿತ್ತಲಿಗೆ ಚಪ್ಪರ ಹಾಕಿದ ಹಾಗೆ ಬಾಗಿತ್ತು. ಮಲ್ಲಿಗೆ ಹಾಕಿದೆ, ಮೊಗ್ಗಿಲ್ಲ. ಗುಲಾಬಿ ಹಾಕಿದೆ, ಬರೀ ಮುಳ್ಳು. ನಮ್ಮೆಜಮಾನರು ಆಗ ಕಚೇರಿಯಲ್ಲಿ ಟೆಂಪರರಿ ಗುಮಾಸ್ತರು. ಅವರ ಸಾಹೇಬರು ಮಹಾ ಕೋಪಿಷ್ಠರು. ಊಟಿಯಿಂದ ತಂದ ಗಿಡಗಳ ಮೇಲೆ ಮಾತ್ರ ಪ್ರೀತಿ. ಇವರು ಬಾಯಿತಪ್ಪಿ ನಮ್ಮ ಹಿತ್ತಲಿನ ಮಾತೆತ್ತಿದ್ದಕ್ಕೆ ಒಂದು ಹೈಡ್ರೇಂಜಿಯ ಗಿಡ ಕೊಟ್ಟು, "ಇದಕ್ಕೆ ನೆರಳೇ ಬೇಕು. ಚೆಂಡಿನಷ್ಟು ದಪ್ಪ ನೀಲಿ ಹೂ ಬಿಡುತ್ತೆ. ಬಿಟ್ಟಾಗ ಬಂದು ನೋಡ್ತೀನಿ. ಸಾಯಿಸಿಗೀಯಿಸೀರಿ, ಜೋಕೆ!" ಅಂದರಂತೆ. ಇವರನ್ನು ಕಾಯಂ ಮಾಡುವ ಆರ್ಡರಿಗೆ ರುಜು ಹಾಕಬೇಕಾದವರೂ ಅವರೇ.

ಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಗಿಡವನ್ನು ಸುತ್ತಿ ನೋಡಿ ಮಗನನ್ನು ಕೇಳಿದರು.

"ವಾಸ್ನೆ ಐತಾ?"

"ಇಲ್ಲಮ್ಮ."

"ಬಿಸ್ಲು ತಡೀತದಾ?"

"ಊಹ್ಞೂಂ. ನೆರಳಲ್ಲೇ ಇರ್ಬೇಕು. ನೀರು ಮಾತ್ರ ಬಿಂದಿಗೆಗಟ್ಟಲೆ."

"ನೆಳ್ಳಲ್ಲಿ ಕುಂತ್ಕಂಡು ಸೇವೆ ಮಾಡಿಸ್ಕತದೆ ಅನ್ನು. ಇದು ಗಿಡ ಅಲ್ಲ ಕಣ್ಲಾ, ನಿಮ್ ಸಾಹೇಬ್ರೇ!"

ಕೊಡೆ

ಬೇಸಿಗೆಯಲ್ಲಿ ಪಕ್ಕದವರು ಮಾವಿನ ಕೊಂಬೆ ಕಡಿಸಿಬಿಟ್ಟರು. ಮಧ್ಯಾಹ್ನದ ಬಿಸಿಲು ನೇರ ಗಿಡದ ನೆತ್ತಿಗೆ. ಎಲೆಯೆಲ್ಲ ಒದ್ದೆ ಬಟ್ಟೆಯಂತೆ ಜೋತುಬಿತ್ತು. ನಮ್ಮೆಜಮಾನರ ಮುಖವೂ ಅಷ್ಟೇ. ಮನೆಗಿದ್ದ ಒಂದೇ ಕೊಡೆಯನ್ನು ಗಳಕ್ಕೆ ಕಟ್ಟಿ ಗಿಡದ ಮೇಲೆ ನಿಲ್ಲಿಸಿದರು.

ಮಾರನೆಯ ದಿನ ಆ ವರ್ಷದ ಮೊದಲ ಮಳೆ. ಇವರು ತೊಪ್ಪೆಯಾಗಿ ಕಚೇರಿ ಸೇರಿದರು. ಸಾಹೇಬರು ಗದರಿದರು: "ಏನ್ರೀ ಅವತಾರ ಇದು? ಕೊಡೆ ಇಲ್ವೆ?"

"ತಮ್ಮ ಗಿಡಕ್ಕೆ ಹಿಡಿದಿದೀನಿ ಸಾರ್."

ಮೆಚ್ಚುತ್ತಾರೆ ಅಂದುಕೊಂಡರೆ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರಂತೆ. "ಇಂಥಾ ಒಳ್ಳೇ ಮಳೆ ನೀರು ಅದಕ್ಕೆ ಬೇಡ್ವೇನ್ರೀ? ಓಡಿ, ತೆಗೀರಿ!"

ಅದೇ ಮಳೆಯಲ್ಲಿ ಮನೆಗೆ ಓಡಿಬಂದರು.

ನೀಲಿ

ಅಂತೂ ಮೊಗ್ಗು ಬಂತು. ಅರಳಿದ್ದು ನೋಡಿದರೆ ಗುಲಾಬಿ ಬಣ್ಣ! ನಮ್ಮೆಜಮಾನರು ಬಾವಿಕಟ್ಟೆಯ ಮೇಲೆ ಕುಸಿದರು. "ಅವರ ಗಿಡ ಸಾಯಿಸಿ ಬೇರೆ ತಂದಿಟ್ಟಿದೀನಿ ಅಂತಾರೆ ಕಣೇ. ಕೆಲಸ ಹೋಯ್ತು."

ಭಾನುವಾರ ಸಾಹೇಬರು ಹೆಂಡತಿ ಸಮೇತ ಬರುವವರು. ಬೇರೆ ದಾರಿ ಕಾಣದೆ, ಬಿಳೀ ಬಟ್ಟೆಗೆ ಹಾಕುವ ನೀಲಿಯನ್ನು ನಾನು ಮಂದವಾಗಿ ಕಲಸಿದೆ. ಇವರು ಒಂದೊಂದೇ ಗೊಂಚಲನ್ನು ಅದರಲ್ಲಿ ಅದ್ದಿದರು.

ಸಾಹೇಬರು ಬಂದರು. ಹಾಲಿನಂಥ ಬಿಳೀ ಕೋಟು, ತಲೆಗೆ ಪೇಟ. ಹೂ ನೋಡಿ, "ಭೇಷ್!" ಅಂದರು. ನಾವು ಉಸಿರು ಬಿಡುವಷ್ಟರಲ್ಲಿ ಸೋನೆ ಮಳೆ ಶುರುವಾಯಿತು. ಸಾಹೇಬರಿಗೆ ಅದರ ಪರಿವೆಯಿಲ್ಲ. ದೊಡ್ಡ ಗೊಂಚಲೊಂದನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡರು. ಕೋಟಿನ ಮೇಲೆ ನೀಲಿ ಧಾರೆ ಇಳಿಯಿತು. ಹೂವು ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗಿತು. ನಮ್ಮೆಜಮಾನರ ಪಂಚೆ ಗಾಳಿಯಿಲ್ಲದೆ ನಡುಗುತ್ತಿತ್ತು.

"ಅಯ್ಯೋ, ಗುಲಾಬಿ ಬಣ್ಣ!" ಅಂತ ಸಾಹೇಬರ ಹೆಂಡತಿ ಕೂಗಿದರು. "ಎಷ್ಟು ವರ್ಷದಿಂದ ನನಗಿದೇ ಬೇಕಿತ್ತು! ಇದಕ್ಕೇನು ಹಾಕಿದ್ರಿ?"

"ಏನಿಲ್ಲ ಕಣವ್ವ," ಅಂದರು ನಮ್ಮತ್ತೆ. "ಗೋಡೆಗೆ ಬಳ್ದು ಮಿಕ್ಕಿದ್ ಸುಣ್ಣದ್ ನೀರ ಬುಡಕ್ಕೆ ಉಯ್ದ್‌ಬುಟ್ಟೆ."

ಆಕೆ ಗಂಡನ ಕಡೆ ತಿರುಗಿದರು. "ಕೇಳಿಸ್ತೇನ್ರೀ? ನಾಳೇನೇ ನಮ್ಮನೇಲೂ ಹಾಕಿಸಿ."

ಇಡೀ ಕಚೇರಿಯನ್ನು ನಡುಗಿಸುತ್ತಿದ್ದ ಸಾಹೇಬರು, "ಆಗಲಿ ಕಣೇ," ಅಂದರು, ಇಷ್ಟೇ ಇಷ್ಟು ದನಿಯಲ್ಲಿ. ಆಮೇಲೆ ಇವರಿಗೆ: "ಬೆಳಿಗ್ಗೆ ಸುಣ್ಣ ತಗೊಂಡು ಬಂಗ್ಲೆಗೆ ಬನ್ನಿ. ಹಾಗೇ ನಿಮ್ಮ ಕಾಯಂ ಆರ್ಡರೂ ತಗೊಂಡು ಹೋಗಿ."

ನಮಗೆ ಹೋದ ಜೀವ ಬಂತು. ಸಾಹೇಬರು ಕೋಟು ಉಜ್ಜಿಕೊಳ್ಳುತ್ತ ಗೇಟಿನ ಕಡೆ ಹೊರಟರು. ನಮ್ಮತ್ತೆ ಸುಮ್ಮನಿರಬೇಕಲ್ಲ, ಹಿಂದೆಯೇ ಓಡಿದರು.

"ಬುದ್ದೀ, ಉಜ್ಜಬ್ಯಾಡಿ! ನೀಲಿ ಹಾಕಿದ್ದಾಯ್ತಲ್ಲ, ಇನ್ನು ಇಸ್ತ್ರಿ ಮಾಡಿಸ್ಕಂಡ್ರೆ ಮುಗೀತು!"