ಪದಗಳ ಬೆಡಗು ಕೇಳುತ್ತಿದ್ದ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ಹುಚ್ಚು ಇರಲಿಲ್ಲ. ಇದ್ದಿದ್ದರೆ ಔಷಧಿಯಾದರೂ ಕೊಡಿಸಬಹುದಿತ್ತು!

ಅಜ್ಜಂಪುರದ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದ ಅವರು, ಎಪ್ಪತ್ತರ ದಶಕದ ಆರಂಭದಲ್ಲಿ ಕಡೂರು ಸಂತೆಯ ಹಳೇ ಪುಸ್ತಕಗಳ ರಾಶಿಯಿಂದ ದಿಂಬಿನಷ್ಟು ದಪ್ಪದ ಇಂಗ್ಲಿಷ್ ನಿಘಂಟೊಂದನ್ನು ತಂದರು. ಪ್ರತಿ ಪದದ ಹುಟ್ಟು, ಬೆಳವಣಿಗೆ, ಜರ್ಮನ್, ಡಚ್, ಸ್ವೀಡಿಷ್ ನೆಂಟರು, ಎಲ್ಲವೂ ಅದರಲ್ಲಿತ್ತು. ಅಲ್ಲಿಗೆ ಮನೆಯವರ ನೆಮ್ಮದಿ ಮುಗಿಯಿತು.

ನಮ್ಮ ಕಡೆ ಸಂಬಂಧ ಬೆಳೆಸುವಾಗ ಮೊದಲು ಬೆಡಗು, ಅಂದರೆ ವಂಶದ ಮೂಲ, ಕೇಳುತ್ತಾರೆ. ಎರಡೂ ಮನೆಯದು ಒಂದೇ ಬೆಡಗಾದರೆ ಗಂಡು ಹೆಣ್ಣು ಅಣ್ಣ ತಂಗಿ ಇದ್ದಂತೆ, ಮದುವೆ ಇಲ್ಲ. ದೊಡ್ಡಪ್ಪ ಈ ಕಾನೂನನ್ನು ಯೂರೋಪಿನ ಪದಗಳ ಮೇಲೂ ಹೇರಿದರು. ಒಂದು ದಿನ ದೊಡ್ಡಮ್ಮ, ಇಲಿ ಅಕ್ಕಿ ಮೂಟೆ ತೂತು ಮಾಡಿದೆ ಎಂದು ಕೂಗಿಕೊಂಡರು. ದೊಡ್ಡಪ್ಪ ಓಡಿ ಬಂದದ್ದು ದೊಣ್ಣೆ ಹಿಡಿದಲ್ಲ, ನಿಘಂಟು ಹಿಡಿದು!

"ಇಂಗ್ಲಿಷಿನಲ್ಲಿ ಮೌಸ್, ಜರ್ಮನಿನಲ್ಲೂ ಮೌಸ್, ಸ್ವೀಡನ್ನಿನಲ್ಲಿ ಮೂಸ್, ನಮ್ಮಲ್ಲಿ ಮೂಷಿಕ. ಎಲ್ಲಾ ಒಂದೇ ಬೆಡಗು ಕಣೇ! ನಮ್ಮ ಗಣಪತಿ ವಾಹನ ಯೂರೋಪಿನ ತನಕ ಹೋಗೈತೆ!"

"ಯೂರೋಪಿಗೆ ಹೋಗಿದ್ದು ಇರ್ಲಿ, ನಮ್ಮ ಅಕ್ಕಿ ಮೂಟೆಯಿಂದ ಹೋಗೋದು ಯಾವಾಗ?" ಎಂದರು ದೊಡ್ಡಮ್ಮ.

ತರೀಕೆರೆಯ ಒಂದು ಮದುವೆಯಲ್ಲಿ ಇನ್ನೂ ಫಜೀತಿ. ಎಲ್ಲರೂ ಮುಯ್ಯಿ ಓದಿಸುತ್ತಿರುವಾಗ ದೊಡ್ಡಪ್ಪ ಗಂಡಿನ ಸೋದರಮಾವನ ಪಕ್ಕ ಕೂತು, "ಗಿಫ್ಟ್ ಅಂದ್ರೆ ಮೂಲದಲ್ಲಿ 'ಕೊಟ್ಟಿದ್ದು' ಅಂತ ಕಣ್ರೀ. ಜರ್ಮನಿನಲ್ಲಿ ಅದು ವಿಷ ಆಗೋಯ್ತು. ಸ್ವೀಡನ್ನಿನಲ್ಲಿ ವಿಷಾನೂ ಹೌದು, ಮದುವೆ ಆದೋರು ಅಂತಾನೂ ಹೌದು" ಎಂದುಬಿಟ್ಟರು. ಆತ ಹೆಂಡತಿಯ ಕಡೆ ಒಮ್ಮೆ ನೋಡಿ, "ಸ್ವೀಡನ್ನಿನೋರು ತಿಳುವಳಿಕಸ್ಥರು ಬಿಡ್ರಿ" ಎಂದರು. ಆಮೇಲೆ ಆ ಮನೆಯ ಲಗ್ನಪತ್ರಿಕೆಗಳು ದೊಡ್ಡಪ್ಪನ ಹೆಸರಿಗೆ ಬರುವುದು ನಿಂತೇ ಹೋಯಿತು.

ಇನ್ನು ಗಿರಿಜಳ ವಿಷಯ. ಮಕ್ಕಳಿಲ್ಲದ ದೊಡ್ಡಪ್ಪ ದೊಡ್ಡಮ್ಮ ಅವಳನ್ನು ಆರು ತಿಂಗಳ ಕೂಸಾಗಿದ್ದಾಗ ಶಿವಮೊಗ್ಗದ ಅನಾಥಾಲಯದಿಂದ ತಂದು ಸಾಕಿದ್ದರು. ಅವಳಿಗೂ ಅದು ಗೊತ್ತಿತ್ತು. ಎಂಬತ್ತರ ದಶಕದಲ್ಲಿ ಮದುವೆಗೆ ಬಂದಾಗ ಎರಡು ಸಂಬಂಧಗಳು ಬಂದವು. ಬೆಡಗು ಕೇಳಿ, ಸಾಕುಮಗಳೆಂದು ತಿಳಿದು, ಕಾಫಿ ಕುಡಿದು, ಹೊರಟುಹೋದವು. ಮೂರನೆಯದು ಯಗಟಿಯಿಂದ. ಹುಡುಗ ಮೇಷ್ಟ್ರು. ಗಿರಿಜ ಅವನನ್ನು ಎರಡು ಸಲ ತಲೆಯೆತ್ತಿ ನೋಡಿದ್ದನ್ನು, ಉಪ್ಪಿಟ್ಟು ಕೊಡುತ್ತಿದ್ದ ನಾನೇ ಕಂಡೆ.

ಹುಡುಗನ ಅಜ್ಜಿ ಬಾಯಿ ಒರೆಸಿಕೊಂಡು ಕೇಳಿದರು: "ಹುಡುಗಿ ಬೆಡಗು ಯಾವ್ದಪ್ಪಾ?"

ದೊಡ್ಡಪ್ಪ ತಮ್ಮ ಬೆಡಗನ್ನೇ ಹೇಳಿದ್ದರೆ ಮುಗಿದುಹೋಗುತ್ತಿತ್ತು. ದೊಡ್ಡಮ್ಮ ಬಾಗಿಲ ಸಂದಿಯಿಂದ ಹಾಗೇ ಸನ್ನೆ ಮಾಡುತ್ತಿದ್ದರು. ದೊಡ್ಡಪ್ಪ ಎದ್ದು ಒಳಗೆ ಹೋಗಿ ತಂದದ್ದೇನು? ನಿಘಂಟು! ಈ ಸಂಬಂಧವೂ ಕೈಬಿಟ್ಟಿತು ಎಂದುಕೊಂಡೆ.

"ಅಮ್ಮಾ, ಇಂಗ್ಲಿಷಿನೋರು ಹುಡುಗಿಗೆ ಗರ್ಲ್ ಅಂತಾರೆ. ಈ ಪದದ ಮೂಲ ಗೊತ್ತಿಲ್ಲ ಅಂತ ಇಲ್ಲಿ ಬರ್ದವ್ರೆ. ಜರ್ಮನಿನಲ್ಲಿ ಹುಡುಕವ್ರೆ, ಡಚ್ಚಿನಲ್ಲಿ ಹುಡುಕವ್ರೆ, ಖಚಿತ ಆಗಿಲ್ಲ. ಹಂಗಂತ ಯಾರೂ ಅದನ್ನ ಆಚೆ ಹಾಕಿಲ್ಲ." ಅವರು ನಿಘಂಟಿನಿಂದ ತಲೆಯೆತ್ತಿ ಗಿರಿಜಳನ್ನು ನೋಡಿದರು. "ಇವಳ ಮೂಲ ನಂಗೂ ಗೊತ್ತಿಲ್ಲ. ಊರಲ್ಲಿರೋ ಪದಕ್ಕೆಲ್ಲ ಬೆಡಗು ಕೇಳ್ದೆ, ಇವಳದ್ದು ಮಾತ್ರ ಕೇಳ್ಲಿಲ್ಲ. ಎದೆ ಮೇಲೆ ಮಲಗಿ ಬೆಳ್ದೋಳ್ನ ಏನಂತ ಕೇಳ್ಲಿ?"

ಅಜ್ಜಿ ಸರಿದು ತಮ್ಮ ಪಕ್ಕದಲ್ಲಿ ಸ್ವಲ್ಪ ಜಾಗ ಮಾಡಿದರು.

"ಪುಸ್ತಕ ಮುಚ್ಚಪ್ಪಾ" ಎಂದರು. "ಹುಡುಗಿ ಬೆಳಗಿಂದ ಏನೂ ತಿಂದಂಗಿಲ್ಲ. ಅವಳಿಗೂ ಒಂದು ತಟ್ಟೆ ಉಪ್ಪಿಟ್ಟು ಕೊಡಿ. ಬಾ ಮಗಾ, ಇಲ್ಲಿ ಕೂತ್ಕೊ."

ಅಜ್ಜಿ ಕರೆದರೂ ಗಿರಿಜ ಹೋಗಿ ಕೂತದ್ದು ದೊಡ್ಡಪ್ಪನ ಪಕ್ಕ. ಅವರು ಕನ್ನಡಕ ತೆಗೆದು, ಎಲ್ಲರೆದುರು ಮಗುವಿನ ಹಾಗೆ ಅಳುತ್ತಿದ್ದರು. ಅಷ್ಟು ವರ್ಷ ಅವರನ್ನು ನೋಡಿ ನಕ್ಕಿದ್ದ ನಾನು, ಖಾಲಿ ತಟ್ಟೆಗಳನ್ನು ಹಿಡಿದು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.