ಆರಾಮಕುರ್ಚಿ ಕೈತಪ್ಪಿದ ವೃತ್ತಾಂತ

ಇದ್ದರೆ ದಕ್ಷಿಣದ ಈ ನಮ್ಮ ನಗರದಲ್ಲೇ ಇರಬೇಕು. ಇದ್ದೀರೆಂದು ನೆಂಟರಿಗೆ ಮಾತ್ರ ಗೊತ್ತಾಗಬಾರದು. ಇಪ್ಪತ್ತಾರು ವರ್ಷ ಬೆಂದ ಹೊಟ್ಟೆಯಿಂದ ಹೇಳುತ್ತಿದ್ದೇನೆ. ಇಲ್ಲಿನ ತಂಗಾಳಿ, ನೆರಳಿನ ಬೀದಿಗಳು, ಕೆರೆ ಎಲ್ಲವೂ ನೆಂಟರಿಷ್ಟರಲ್ಲಿ ಲೋಕಪ್ರಸಿದ್ಧ. (ಕಂಡ ಕಂಡ ಮದುವೆ ಮನೆಗಳಲ್ಲಿ ಹೊಗಳಿ ಪ್ರಸಿದ್ಧಿ ಮಾಡಿದವನು ನಾನೇ ಎಂಬುದು ಬೇರೆ ಮಾತು.) ನೆಂಟ ಹೊಸಿಲು ದಾಟಿದೊಡನೆ ನನ್ನ ಮಂಚ ಅವನದು, ದಿಂಬು ಅವನದು, ಬಿಸಿನೀರೂ ಮೊದಲು ಅವನಿಗೆ. ನನಗೆ ಉಳಿಯುವ ಏಕೈಕ ಸಂಸ್ಥಾನವೆಂದರೆ ಕಿಟಕಿ ಪಕ್ಕದ ಆರಾಮಕುರ್ಚಿ. ಅದರಲ್ಲಿ ಇನ್ನೊಬ್ಬರು ಕೂತ ಚರಿತ್ರೆಯಿಲ್ಲ. ಬೆಕ್ಕು ಕೂಡ ನನ್ನ ಮುಖ ನೋಡಿಯೇ ಹತ್ತುತ್ತದೆ.

ಈ ಸಲ ಬಂದವನು ನನ್ನ ಹೆಂಡತಿಯ ತಮ್ಮ. ದೂರದೂರಿನ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಕೆಲಸ. ಇಪ್ಪತ್ತು ವರ್ಷದಿಂದ ನಮ್ಮ ನಗರದ ಪತ್ರಗಳನ್ನೇ ಬೀದಿವಾರು ಗೂಡಿಗೆ ಹಾಕುತ್ತಿದ್ದಾನೆ. ರಜೆಯನ್ನು ಬಂಗಾರದಂತೆ ಕೂಡಿಡುವ ಆಸಾಮಿಯಾದ್ದರಿಂದ ಇಲ್ಲಿಗೆ ಕಾಲಿಟ್ಟದ್ದು ಮಾತ್ರ ಇದೇ ಮೊದಲು.

ಮಾರನೆಯ ದಿನ ಚಹಾ ಕುಡಿಯುತ್ತಾ, "ಅಕ್ಕಾ, ನಾನೊಬ್ಬನೇ ಹೋಗಿ ಊರು ನೋಡ್ಕೊಂಡು ಬರ್ತೀನಿ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ನನ್ನಂಥ ಭೂಗೋಳದ ಮೇಷ್ಟ್ರೊಬ್ಬ ಜೀವಂತ ಕೂತಿರುವಾಗ!

"ಒಬ್ಬನೇ ಯಾಕೋ? ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ರೂ ಈ ಊರಿನ ಯಾವ ಮೂಲೆಯಿಂದಾದ್ರೂ ಮನೆ ಸೇರ್ತೀನಿ ನಾನು."

"ಕಟ್ಟೋದೇನೂ ಬೇಡ ಬಿಡಿ. ಹೋದ ವರ್ಷ ದರ್ಜಿ ಅಂಗಡಿಗೆ ಅಂತ ಹೋಗಿ ಎರಡು ಗಂಟೆ ನಾಪತ್ತೆ ಆಗಿದ್ರಿ" ಎಂದಳು ನನ್ನವಳು.

"ಅದು ಸಮೀಕ್ಷೆ ಕಣೇ!" ಎಂದು ಗುಡುಗಿದೆ. "ಕೇಳಿಸ್ಕೋ. ಇವತ್ತು ನಾನು ದಾರಿ ತಪ್ಪಿ ಯಾರ ಹತ್ರಾನಾದ್ರೂ ವಿಳಾಸ ಕೇಳಿದ್ರೆ, ನಿನ್ನ ತಮ್ಮ ಇಲ್ಲಿರೋವರೆಗೂ ನನ್ನ ಕುರ್ಚಿ ಅವನದೇ!"

ಮಲಗಿದ್ದ ಬೆಕ್ಕು ಎದ್ದು ಕೂತಿತು.

ಕೆರೆಗೆ ಹೋಗುವುದರಲ್ಲಿ ನಾನು ಎಡವಲಿಲ್ಲ. (ಬಸ್ಸು ನೇರ ಅಲ್ಲಿಗೇ ಹೋಗುತ್ತದೆ.) ಹಿಂದಿರುಗುವಾಗ ಪೌರುಷ ಉಕ್ಕಿ, "ಬಸ್ಸು ಯಾಕೆ? ನನಗೊಂದು ಅಡ್ಡದಾರಿ ಗೊತ್ತು" ಎಂದು ನುಗ್ಗಿದೆ. ಎರಡು ತಿರುವು ಕಳೆಯುವಷ್ಟರಲ್ಲಿ ಭಾವಮೈದುನ ಮೆಲ್ಲಗೆ, "ಭಾವ, ಇಲ್ಲಿ ಎಡಕ್ಕೆ ಹೋದ್ರೆ ಛಾಪಖಾನೆ ರಸ್ತೆ ಸಿಗುತ್ತೆ, ಅಲ್ಲಿಂದ..." ಎಂದ.

"ನೀನು ಈ ಊರಿಗೆ ಬಂದು ಎಷ್ಟು ಹೊತ್ತಾಯ್ತು?"

"ಹದಿನೆಂಟು ಗಂಟೆ, ಭಾವ."

"ನಾನು ಬಂದು ಇಪ್ಪತ್ತಾರು ವರ್ಷ. ನಡಿ ಬಲಕ್ಕೆ!"

ಬಲಕ್ಕೆ ಹೋದೆವು. ಗೋಡೆ ಸಿಕ್ಕಿತು. ಅವನು ಪಕ್ಕದ ಮನೆಯನ್ನು ಹಳೆಯ ಗೆಳೆಯನನ್ನು ನೋಡುವಂತೆ ನೋಡಿ, "ಇಪ್ಪತ್ಮೂರನೇ ನಂಬರ್ ಇದೇನಾ! ಇವರಿಗೆ ವಾರಕ್ಕೊಂದು ರಿಜಿಸ್ಟರ್ ಪತ್ರ ಬರುತ್ತೆ. ಕೋರ್ಟ್ ಕೇಸಿರಬೇಕು, ಪಾಪ" ಎಂದು ಮರುಗಿದ. ನಾನು ಹಲ್ಲು ಕಡಿದು ಮುನ್ನಡೆದೆ. ಅದೇ ದರ್ಜಿ ಅಂಗಡಿಯ ಮುಂದೆ ಮೂರನೇ ಸಲ ಹಾದುಹೋದಾಗ ದರ್ಜಿ ಹೊಲಿಗೆ ನಿಲ್ಲಿಸಿ ಎದ್ದು ನಮಸ್ಕಾರ ಮಾಡಿದ.

ಕೊನೆಗೆ ಒಂದು ಕಿರಿದಾದ ಓಣಿ. ಒಂದು ಹಸಿರು ಬಾಗಿಲು. ಗೋಡೆಯಾಚೆ ಹಗ್ಗದ ಮೇಲೆ ಒಂದು ಬನಿಯನ್. ಅಷ್ಟು ಹೊತ್ತು ತಡೆದಿದ್ದ ಸಿಟ್ಟೆಲ್ಲ ಅದರ ಮೇಲೆ ಸುರಿಯಿತು.

"ನೋಡಿದ್ಯಾ? ಇಂಥವರಿಂದಲೇ ನಮ್ಮೂರಿನ ಮಾನ ಹೋಗೋದು! ಬಟ್ಟೆಗಿಂತ ತೂತೇ ಜಾಸ್ತಿ. ಅದನ್ನ ಊರಿಗೆಲ್ಲ ಕಾಣೋ ಹಾಗೆ ಬೇರೆ ನೇತುಹಾಕಿದಾರೆ. ಎಂಥ ಜಿಪುಣನ ಮನೆಯೋ!"

ಭಾವಮೈದುನ ಕೆಮ್ಮಿದ. "ಭಾವ, ಇಲ್ಲಿ ಮಾತ್ರ ಕೇಳಬೇಡಿ..."

"ಸುಮ್ನಿರು. ಕಾಲು ಕಳಚಿ ಬೀಳ್ತಾ ಇದೆ. ನಿಮ್ಮಕ್ಕನಿಗೇನು ಕನಸು ಬೀಳುತ್ತಾ?" ಎಂದು ಬಾಗಿಲು ಬಡಿದೆ. ಅದು ತೆರೆಯಿತು. ನಾನು ಕರ್ಚೀಫಿನಲ್ಲಿ ಮುಖದ ಬೆವರೊರೆಸುತ್ತಲೇ ಅತಿ ವಿನಯದಿಂದ ವಿಚಾರಿಸಿದೆ: "ಅಮ್ಮಾ, ಇಲ್ಲಿ ಏಳನೇ ಅಡ್ಡರಸ್ತೆ ಎಲ್ಲಿ ಬರುತ್ತೆ? ಅಲ್ಲೊಬ್ಬರು ಭೂಗೋಳದ ಮೇಷ್ಟ್ರ ಮನೆ ಇದೆ..."

"ಇದೇ. ಆದ್ರೆ ಮೇಷ್ಟ್ರು ಮನೇಲಿಲ್ಲ. ಊರು ತೋರ್ಸೋಕೆ ಹೋಗಿದಾರೆ."

ಕರ್ಚೀಫು ಕೆಳಗಿಳಿಸಿದೆ. ನನ್ನ ಹೆಂಡತಿ! ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾಳೆ.

ಇಪ್ಪತ್ತಾರು ವರ್ಷ ನಾನು ಮುಂಬಾಗಿಲಿನಿಂದ ಹೊರಟು ಮುಂಬಾಗಿಲಿಗೇ ಬಂದವನು. ನಮ್ಮ ಮನೆಗೆ ಬೆನ್ನೂ ಉಂಟೆಂದು ನನಗೆ ಯಾರು ಹೇಳಿದ್ದರು?

"ನಿನಗೆ ಮೊದಲೇ ಗೊತ್ತಿತ್ತೇನೋ?" ಎಂದು ಭಾವಮೈದುನನ ಮೇಲೆ ಹರಿಹಾಯ್ದೆ.

"ಬೆಳಿಗ್ಗೆ ಅಕ್ಕನ ಜೊತೆ ಬಟ್ಟೆ ಒಣಹಾಕಿದ್ನಲ್ಲ ಭಾವ" ಎಂದ ಸಂಕೋಚದಿಂದ. "ಆ ಬನಿಯನ್ ಹಿಂಡಿದ್ದೂ ನಾನೇ. ಇನ್ನೂ ಗಟ್ಟಿ ಹಿಂಡಿದ್ರೆ ಕೈಗೇ ಬರ್ತಿತ್ತು."

ಮೂರು ದಿನಕ್ಕೆಂದು ಬಂದ ಮಹಾಶಯನಿಗೆ ಕುರ್ಚಿ ಬಹಳ ಹಿಡಿಸಿದೆ. ಕೂಡಿಟ್ಟ ರಜೆ ಇನ್ನೂ ಏಳು ತಿಂಗಳಿದೆಯಂತೆ. ಬೆಕ್ಕು ಅವನ ತೊಡೆಯ ಮೇಲೇ ಮಲಗುತ್ತದೆ, ಕೃತಘ್ನ ಪ್ರಾಣಿ. ನಾನು ಇದನ್ನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ತಲೆಯ ಮೇಲೆ ಬನಿಯನ್ ಹಾರಾಡುತ್ತಿದೆ. ಒಳಗಿಂದ ನನ್ನವಳ ಕೂಗು ಕೇಳುತ್ತಿದೆ:

"ರೀ, ಅಲ್ಲೇ ಇದೀರಲ್ಲ, ಒಣಗಿರೋ ಬಟ್ಟೆ ತೆಗೆದು ತನ್ನಿ. ದಾರಿ ಗೊತ್ತಾಗದಿದ್ರೆ ನನ್ನ ತಮ್ಮನ್ನ ಕಳಿಸ್ತೀನಿ!"